ಜೆಸಿಬಿ ಕರೆಯುವ ಮೊದಲು: ಹಳೇ ಮಿಲ್ ಜಾಗವನ್ನು ಶುದ್ಧಮಾಡಿ ಮತ್ತೆ ಕಟ್ಟುವ ಕ್ರಮ

ಅರಸೀಕೆರೆಯ ಎಣ್ಣೆ ಮಿಲ್ಲು, ಸಕಲೇಶಪುರ ಕಡೆಯ ಸಾಮಿಲ್ಲು, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಗೋದಾಮು, ಹಾಸನದ ಬಿ.ಎಂ. ರಸ್ತೆ ಬದಿಯ ಲಾರಿ ಗ್ಯಾರೇಜು, ಇವೆಲ್ಲ ಒಂದು ಕಾಲಕ್ಕೆ ಊರ ಅಂಚಿನಲ್ಲಿದ್ದವು. ಊರು ಬೆಳೆದು ಈಗ ಅವು ನಡುಮಧ್ಯೆ ಬಂದಿವೆ. ಬಾಗಿಲು ಮುಚ್ಚಿದ ಮಿಲ್ಲಿನ ಜಾಗದಲ್ಲಿ ಲೇಔಟ್, ಕಲ್ಯಾಣ ಮಂಟಪ, ಶಾಲೆ ಕಟ್ಟುವವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಜೆಸಿಬಿ ತರಿಸಿ ನೆಲ ಸಮ ಮಾಡಿಸುವುದು. ಮಾಡಬಾರದ್ದು ಅದೇ. ಒಂದು ಮೂಲೆಯಲ್ಲಿದ್ದ ವಿಷ ಇಡೀ ಎಕರೆಗೆ ಹರಡುವುದು ಆ ಒಂದು ದಿನದಲ್ಲಿ.

ಲೆಕ್ಕ ಹಾಕಿ ನೋಡಿ. ಒಂದು ಗುಂಟೆ ಎಂದರೆ 101 ಚದರ ಮೀಟರ್. ಅದರ ಮೇಲಿನ 30 ಸೆಂಟಿಮೀಟರ್ ಮಣ್ಣು ಮಾತ್ರ ಕೆಟ್ಟಿದ್ದರೆ ತೆಗೆಯಬೇಕಾದದ್ದು 30 ಘನ ಮೀಟರ್, ಸುಮಾರು 50 ಟನ್, ಹತ್ತು ಟನ್ನಿನ ಟಿಪ್ಪರಿನಲ್ಲಿ ಐದು ಲೋಡು. ಅದನ್ನೇ ಒಂದು ಮೀಟರ್ ಆಳದವರೆಗೆ ಕಲಸಿಬಿಟ್ಟರೆ 170 ಟನ್, ಹದಿನೇಳು ಲೋಡು. ವಿಷದ ಪ್ರಮಾಣ ಅಷ್ಟೇ, ಖರ್ಚು ಮೂರು ಪಟ್ಟಿಗಿಂತ ಹೆಚ್ಚು.

ಮೊದಲು ಕಾಗದ

ಮಣ್ಣು ಮುಟ್ಟುವ ಮೊದಲು ಆ ಜಾಗದಲ್ಲಿ ಎಲ್ಲಿ ಏನಿತ್ತು ಎಂಬ ನಕ್ಷೆ ನಿಮ್ಮ ಕೈಯಲ್ಲಿರಬೇಕು. ಹಳೇ ಪಹಣಿ, ಋಣಭಾರ ಪತ್ರ, ಸರ್ವೆ ನಕ್ಷೆಗಳಿಂದ ಯಾರ ಕೈಯಿಂದ ಯಾರಿಗೆ ಹೋಯಿತೆಂಬುದು ತಿಳಿಯುತ್ತದೆ. ಆದರೆ ಅಲ್ಲಿ ಏನು ನಡೆಯುತ್ತಿತ್ತು ಎಂಬುದು ಬೇರೆ ಕಡತಗಳಲ್ಲಿರುತ್ತದೆ: ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ನೋಂದಣಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ನೆಲದಡಿ ಡೀಸೆಲ್ ಅಥವಾ ಪೆಟ್ರೋಲ್ ಟ್ಯಾಂಕ್ ಇದ್ದಿದ್ದರೆ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆಯ ಲೈಸೆನ್ಸು. ಮಂಡಳಿಗೆ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಪ್ರಾದೇಶಿಕ ಕಚೇರಿ ಇದೆ. ಗೂಗಲ್ ಅರ್ತ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ತೆಗೆದು ನೋಡಿದರೆ ಕೆಡವಿದ ಶೆಡ್ಡು, ಮುಚ್ಚಿದ ಹೊಂಡ, ಬೂದಿ ರಾಶಿ ಕಾಣಿಸುತ್ತವೆ.

ಕಾಗದಕ್ಕಿಂತ ಹೆಚ್ಚು ಹೇಳುವವರು ಅಲ್ಲಿ ದುಡಿದವರು. ಬಾಯ್ಲರ್ ನೋಡಿಕೊಳ್ಳುತ್ತಿದ್ದವರು, ವಾಚ್‌ಮನ್, ಹಮಾಲರು ಇನ್ನೂ ಅದೇ ಬೀದಿಯಲ್ಲಿರುತ್ತಾರೆ. ಅವರನ್ನು ಕರೆದುಕೊಂಡು ಹೋಗಿ ಮೂರೇ ಪ್ರಶ್ನೆ ಕೇಳಿ: ಬೇಡದ ಎಣ್ಣೆ ಎಲ್ಲಿ ಸುರಿಯುತ್ತಿದ್ದಿರಿ? ಔಷಧಿ ಎಲ್ಲಿ ಕಲಸುತ್ತಿದ್ದಿರಿ? ಬೂದಿ ಎಲ್ಲಿ ಹಾಕುತ್ತಿದ್ದಿರಿ? ಈ ಮೂರು ಉತ್ತರ ಸಿಕ್ಕರೆ ಅರ್ಧ ಸಮೀಕ್ಷೆ ಮುಗಿದಂತೆ.

ಯಾವ ಮಿಲ್ಲಿನಲ್ಲಿ ಏನು ಹುಡುಕಬೇಕು

ನಮ್ಮ ಎರಡು ಜಿಲ್ಲೆಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಸಾಮಿಲ್ಲಿನ ಜಾಗಕ್ಕೆ. ಬರೀ ಮರ ಕುಯ್ದಿದ್ದರೆ ಡೀಸೆಲ್, ಗ್ರೀಸ್ ಬಿಟ್ಟರೆ ದೊಡ್ಡ ಭಯವಿಲ್ಲ. ಆದರೆ ಕಂಬ, ಪಟ್ಟಿಗಳಿಗೆ ಗೆದ್ದಲು ಹತ್ತದಂತೆ ಮದ್ದು ಕುಡಿಸುತ್ತಿದ್ದ ಕಡೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಇರುತ್ತವೆ. ಮದ್ದಿನ ತೊಟ್ಟಿಗಿಂತ ಹೆಚ್ಚು ಕೆಟ್ಟಿರುವುದು ಅದರ ಪಕ್ಕ, ತೊಯ್ದ ಮರವನ್ನು ಒಣಗಲು ನಿಲ್ಲಿಸುತ್ತಿದ್ದ ನೆಲ. ತೊಟ್ಟಿಕ್ಕಿದ್ದೆಲ್ಲ ಅಲ್ಲೇ ಇಂಗಿರುತ್ತದೆ. ಮದ್ದು ಹಾಕಿದ ಮರದ ಚೂರನ್ನು ಒಲೆಗೆ ಹಾಕಿದ್ದರೆ ಆ ಬೂದಿಯಲ್ಲಿ ಆರ್ಸೆನಿಕ್ ದಟ್ಟವಾಗಿ ಸೇರಿರುತ್ತದೆ. ಅಂಥ ಬೂದಿಯನ್ನು ತೋಟಕ್ಕೆ ಗೊಬ್ಬರವೆಂದು ಒಯ್ಯಲು ಯಾರಿಗೂ ಬಿಡಬೇಡಿ.

ಕಾಫಿ ಗೋದಾಮಿನಲ್ಲಿ ಹುಳಕ್ಕೆ ಹೊಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ಅನಿಲ ಗಾಳಿಗೆ ಹೋಗಿಬಿಡುತ್ತದೆ, ಮಣ್ಣಿನಲ್ಲಿ ಉಳಿಯುವುದಿಲ್ಲ. ಉಳಿಯುವುದು ಹಳೇ ಕೀಟನಾಶಕ. ಕಾಂಡಕೊರಕಕ್ಕೆ ಬಳಸುತ್ತಿದ್ದ ಬಿಎಚ್‌ಸಿ 1997ರಲ್ಲಿ ನಿಷೇಧವಾಯಿತು, ಎಂಡೋಸಲ್ಫಾನ್ 2011ರಲ್ಲಿ ನಿಂತಿತು. ದಾಸ್ತಾನು ಕೋಣೆಯ ನೆಲದಲ್ಲಿ ಬಿಎಚ್‌ಸಿ ದಶಕಗಳ ನಂತರವೂ ಸಿಗಬಹುದು. ಎಣ್ಣೆ ಮಿಲ್ಲಿನಲ್ಲಿ ಕೊಬ್ಬರಿ ಎಣ್ಣೆ ಸೋರಿದ್ದು ಕೊಳೆತು ಹೋಗುತ್ತದೆ. ಅಲ್ಲಿ ನೋಡಬೇಕಾದದ್ದು ಬಾಯ್ಲರಿನ ಫರ್ನೇಸ್ ಆಯಿಲ್ ಮತ್ತು ಹಿಂಡಿಯಿಂದ ಎಣ್ಣೆ ತೆಗೆಯಲು ಹೆಕ್ಸೇನ್ ಬಳಸಿದ್ದರೆ ಅದರ ಟ್ಯಾಂಕು. ಗ್ಯಾರೇಜಿನಲ್ಲಿ ಬ್ಯಾಟರಿಯ ಸೀಸ, ಸುಟ್ಟ ಆಯಿಲ್. ಪೆಟ್ರೋಲ್ ಬಂಕಿನಲ್ಲಿ ಬೆಂಜೀನ್, 2000ಕ್ಕೂ ಹಿಂದಿನ ಬಂಕಾದರೆ ಸೀಸವೂ ಸೇರಿ. ಅಕ್ಕಿ ಮಿಲ್ಲಿನ ಹೊಟ್ಟಿನ ಬೂದಿ ವಿಷವೇನಲ್ಲ. ಆದರೆ ಅದರ ಮೇಲೆ ಪಾಯ ಹಾಕಿದರೆ ಕಟ್ಟಡ ಕುಸಿಯುತ್ತದೆ, ಅಷ್ಟೂ ತೆಗೆಯಬೇಕು.

ಮಾದರಿ ತೆಗೆಯುವುದು

ಇಲ್ಲಿ ಉಳಿಸಿದ ಹಣ ಮುಂದೆ ಹತ್ತರಷ್ಟಾಗಿ ಹೋಗುತ್ತದೆ, ಆದ್ದರಿಂದ ಅವಸರ ಬೇಡ.

ಎಕರೆ ಜಾಗಕ್ಕೆ 20 ಮೀಟರಿನ ಚೌಕಗಳನ್ನು ಸುಣ್ಣದಲ್ಲಿ ಗುರುತು ಹಾಕಿದರೆ ಹತ್ತು ಜಾಗ ಸಿಗುತ್ತವೆ. ಅದು ಖಾಲಿ ಅಂಗಳಕ್ಕೆ ಸಾಕು. ಮದ್ದಿನ ತೊಟ್ಟಿ, ಟ್ಯಾಂಕ್, ಟ್ರಾನ್ಸ್‌ಫಾರ್ಮರ್, ಬೂದಿಗುಂಡಿ, ಚರಂಡಿಯ ಕೊನೆ ಇವುಗಳ ಸುತ್ತ 5 ಮೀಟರಿಗೊಂದು ಬೇಕು. ಪ್ರತಿ ಗುಂಡಿಯಿಂದ ಮೂರು ಆಳದ ಮಣ್ಣು ಬೇರೆಬೇರೆಯಾಗಿ ತೆಗೆಯಿರಿ: ಮೇಲಿನ 15 ಸೆಂಟಿಮೀಟರ್, 30ರಿಂದ 60, ಮತ್ತು ತುಂಬಿದ ಮಣ್ಣು ಮುಗಿದು ಮೂಲ ನೆಲ ಶುರುವಾಗುವ ಜಾಗ. ಮೂರನೆಯದನ್ನು ಬಿಡುವವರೇ ಹೆಚ್ಚು. ವಿಷ ಎಲ್ಲಿ ನಿಂತಿದೆ ಎಂದು ಹೇಳುವುದು ಅದೇ.

ಕೈಯಿಂದ ತಿರುಗಿಸಿ ಮಣ್ಣು ಕೊರೆಯುವ ಆಗರ್ ಕೆಂಪು ಮಣ್ಣಿನಲ್ಲಿ ಒಂದೂವರೆ ಮೀಟರ್ ಇಳಿಯುತ್ತದೆ, ಜಂಬಿಟ್ಟಿಗೆ ಸಿಕ್ಕರೆ ನಿಲ್ಲುತ್ತದೆ. ಆಗ ಹಾರೆ ಗುದ್ದಲಿಯಲ್ಲಿ ಗುಂಡಿ ತೋಡಿ. 1.2 ಮೀಟರಿಗಿಂತ ಆಳದ ಗುಂಡಿಗೆ ಪಕ್ಕಕ್ಕೆ ಆಸರೆ ಕೊಡದೆ ಯಾರನ್ನೂ ಇಳಿಸಬೇಡಿ. ಒಂದು ಗುಂಡಿ ಮುಗಿದ ಮೇಲೆ ಸಾಮಾನನ್ನು ಸೋಪಿನ ನೀರಲ್ಲಿ ಉಜ್ಜಿ ಶುದ್ಧ ನೀರಲ್ಲಿ ತೊಳೆಯಬೇಕು. ಇಲ್ಲದಿದ್ದರೆ ಮೊದಲ ಗುಂಡಿಯ ಆರ್ಸೆನಿಕ್ ಹತ್ತನೆಯದರಲ್ಲೂ ಕಾಣಿಸುತ್ತದೆ.

ಲೋಹ ಪರೀಕ್ಷೆಗೆ ಅರ್ಧ ಕೆಜಿ ಮಣ್ಣು ಪ್ಲಾಸ್ಟಿಕ್ ಚೀಲದಲ್ಲಿ ಸಾಕು. ಎಣ್ಣೆ, ಕೀಟನಾಶಕಕ್ಕೆ 250 ಮಿಲಿಲೀಟರಿನ ಗಾಜಿನ ಬಾಟಲಿ, ಟೆಫ್ಲಾನ್ ಒಳಪದರದ ಮುಚ್ಚಳ, ಕತ್ತಿನವರೆಗೆ ತುಂಬಿ ಗಾಳಿಗೆ ಜಾಗ ಬಿಡದಂತೆ. ಪೆಟ್ರೋಲ್, ಹೆಕ್ಸೇನ್ ಹುಡುಕುವ ಮಣ್ಣನ್ನು ಬಕೆಟ್ಟಿನಲ್ಲಿ ಕಲಸಲೇಬಾರದು. ಕಲಸುವಷ್ಟರಲ್ಲಿ ಆವಿಯಾಗಿ ವರದಿ ಶುದ್ಧವೆಂದು ಬರುತ್ತದೆ. ಬಾಟಲಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿಟ್ಟು ಅದೇ ದಿನ ಅಥವಾ ಮರುದಿನ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಮುಟ್ಟಿಸಿ. ಮಾನ್ಯತೆ ಆ ಪ್ರಯೋಗಾಲಯಕ್ಕಷ್ಟೇ ಅಲ್ಲ, ನಿಮಗೆ ಬೇಕಾದ ಆ ಪರೀಕ್ಷೆಗೂ ಇದೆಯೇ ಎಂದು ಪಟ್ಟಿ ತರಿಸಿ ನೋಡಿ. ಹತ್ತು ಮಾದರಿಗೆ ಒಂದನ್ನು ಎರಡು ಭಾಗ ಮಾಡಿ ಬೇರೆ ಬೇರೆ ನಂಬರಿನಲ್ಲಿ ಕಳಿಸಿ. ಎರಡರ ಉತ್ತರ ಬಹಳ ದೂರವಿದ್ದರೆ ಉಳಿದದ್ದನ್ನೂ ನಂಬುವಂತಿಲ್ಲ.

ಆವರಣದ ಬಾವಿ, ಬೋರ್‌ವೆಲ್, ಜೊತೆಗೆ ಪಕ್ಕದ ಇಳಿಜಾರಿನ ಮನೆಯವರ ಬಾವಿಯ ನೀರನ್ನೂ ಪರೀಕ್ಷೆಗೆ ಕೊಡಿ. ಮೇ ಕೊನೆಗೆ ಒಮ್ಮೆ, ಮಳೆಗಾಲ ಮುಗಿದು ನವೆಂಬರಿನಲ್ಲಿ ಇನ್ನೊಮ್ಮೆ. ಬೇಸಗೆಯಲ್ಲಿ ಒಣಗಿದ್ದ ಪದರವನ್ನು ಏರಿದ ನೀರು ಮುಟ್ಟಿದಾಗಲೇ ಕೆಲವು ವಿಷ ನೀರಿಗಿಳಿಯುವುದು.

ವರದಿ ಓದುವಾಗ ನಮ್ಮ ನೆಲದ ಗುಣ ನೆನಪಿರಲಿ

ವರದಿಯಲ್ಲಿ ಕ್ರೋಮಿಯಂ ಹೆಚ್ಚಿದೆ ಎಂದ ಮಾತ್ರಕ್ಕೆ ಮಿಲ್ಲಿನ ತಪ್ಪೆಂದು ತೀರ್ಮಾನಿಸಬೇಡಿ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ ಕ್ರೋಮೈಟ್ ಅದಿರೇ ಇದೆ, ಬೈರಾಪುರದಲ್ಲಿ ಅದರ ಗಣಿ ನಡೆದಿದೆ. ಆ ಪಟ್ಟಿಯ ಮಣ್ಣಿನಲ್ಲಿ ಕ್ರೋಮಿಯಂ, ನಿಕಲ್ ಎರಡೂ ಹುಟ್ಟಿನಿಂದಲೇ ಹೆಚ್ಚು. ಆದ್ದರಿಂದ ಒಟ್ಟು ಕ್ರೋಮಿಯಂ ಜೊತೆಗೆ ಹೆಕ್ಸಾವೇಲೆಂಟ್ ಕ್ರೋಮಿಯಂ ಎಷ್ಟೆಂದು ಬೇರೆಯಾಗಿ ಬರೆಸಿ. ಅದಿರಿನ ಕ್ರೋಮಿಯಂ ಕಲ್ಲಿನಲ್ಲಿ ಕಟ್ಟಿಕೊಂಡಿರುತ್ತದೆ, ಮದ್ದಿನಿಂದ ಬರುವ ಹೆಕ್ಸಾವೇಲೆಂಟ್ ರೂಪವೇ ನೀರಿನಲ್ಲಿ ಕರಗಿ ಹರಿಯುವಂಥದ್ದು. ಹಾಗೆಯೇ ಬಾಬಾಬುಡನ್, ಕುದುರೆಮುಖದ ಕಡೆ ಕಬ್ಬಿಣದ ಅಂಶ ಸಹಜ.

ಹೋಲಿಕೆಗೆಂದು ಹೊರಗಿನ ಮುಟ್ಟದ ನೆಲದಿಂದ ಮೂರರಿಂದ ಐದು ಮಾದರಿ ತರಬೇಕು. ಇಲ್ಲಿ ಬಹಳ ಮಂದಿ ಎಡವುತ್ತಾರೆ: ಪಕ್ಕದ ಕಾಫಿ ತೋಟದಿಂದಲೋ ಅಡಿಕೆ ತೋಟದಿಂದಲೋ ಮಣ್ಣು ತರುತ್ತಾರೆ. ಅಲ್ಲಿ ದಶಕಗಳಿಂದ ಬೋರ್ಡೋ ದ್ರಾವಣ ಹೊಡೆದು ತಾಮ್ರ ಸೇರಿರುತ್ತದೆ. ಅದನ್ನು ಸಹಜ ಮಟ್ಟ ಎಂದು ಹಿಡಿದರೆ ನಿಮ್ಮ ಜಾಗದ ತಾಮ್ರ ಲೆಕ್ಕಕ್ಕೇ ಬರುವುದಿಲ್ಲ. ಅದೇ ಬಗೆಯ ಕಲ್ಲು ಮಣ್ಣಿರುವ ಗೋಮಾಳ, ದೇವರಕಾಡಿನ ಅಂಚು ಸರಿಯಾದ ಜಾಗ.

ಅಂಕಿಗಳನ್ನು ಅಳೆಯಲು ಒಂದು ಗೆರೆ ಬೇಕಲ್ಲ. ಕೆನಡಾದ ಮಣ್ಣಿನ ಮಾರ್ಗಸೂಚಿಯಲ್ಲಿ ಒಂದು ಕೆಜಿ ಮಣ್ಣಿಗೆ ಸೀಸ ವಾಸದ ಜಾಗಕ್ಕೆ 140 ಮಿಲಿಗ್ರಾಂ, ವಾಣಿಜ್ಯಕ್ಕೆ 260, ಕೈಗಾರಿಕೆಗೆ 600. ಆರ್ಸೆನಿಕ್ ಎಲ್ಲಕ್ಕೂ 12. ಇವು ಇನ್ನಷ್ಟು ತನಿಖೆ ಬೇಕೇ ಎಂದು ತಿಳಿಯುವ ಗೆರೆಗಳೇ ಹೊರತು ಇಷ್ಟಕ್ಕೆ ಇಳಿಸಿದರೆ ಸಾಕೆಂಬ ಗುರಿಯಲ್ಲ. ನೀರಿಗೆ ನಮ್ಮದೇ ಕುಡಿಯುವ ನೀರಿನ ಮಾನದಂಡ ಐಎಸ್ 10500 ಇದೆ: ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ, ಸೀಸ 0.01, ಒಟ್ಟು ಕ್ರೋಮಿಯಂ 0.05.

ವರದಿ ಕೆಟ್ಟದಾಗಿ ಬಂದರೆ ಮುಚ್ಚಿಡಬೇಡಿ. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ 2025ರ ಜುಲೈನಲ್ಲಿ ಕೇಂದ್ರ ಸರ್ಕಾರದ ನಿಯಮ ಬಂದಿದೆ. ಅನುಮಾನದ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು, ಕೆಡಿಸಿದವರೇ ಶುದ್ಧೀಕರಣದ ಖರ್ಚು ಭರಿಸಬೇಕು ಎಂಬುದು ಅದರ ತಿರುಳು. ಗಣಿ ಮತ್ತು ಊರಿನ ಕಸದ ಗುಡ್ಡೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಕೊಳ್ಳುವ ಮುಂಚೆಯೇ ಪರೀಕ್ಷೆ ಮಾಡಿಸಿ, ವರದಿಯನ್ನು ಕ್ರಯಪತ್ರಕ್ಕೆ ಲಗತ್ತಿಸಿ, ಶುದ್ಧೀಕರಣ ಯಾರ ಹೊಣೆ ಎಂದು ಬರೆಸಿಕೊಳ್ಳಿ. ಕೈಗಾರಿಕೆಯಿಂದ ವಾಸಕ್ಕೆ ಭೂಬಳಕೆ ಬದಲಾವಣೆಯ ಅರ್ಜಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗುವಾಗಲೂ ಈ ವರದಿ ಜೊತೆಗಿರಲಿ.

ಮೇಲಿನದನ್ನು ಇಳಿಸುವುದು

ಗುಜರಿಯವರಿಗೆ ಇಡೀ ಶೆಡ್ಡನ್ನು ಒಟ್ಟು ಬೆಲೆಗೆ ಕೊಡುವ ಪದ್ಧತಿ ಇದೆ. ಕೊಡಿ, ಆದರೆ ನಾಲ್ಕನ್ನು ನೀವೇ ಮೊದಲು ತೆಗೆಸಿದ ಮೇಲೆ.

ಟ್ರಾನ್ಸ್‌ಫಾರ್ಮರ್ ಮೊದಲನೆಯದು. ಹಳೆಯವುಗಳ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷ ರಾಸಾಯನಿಕ ಇರಬಹುದು. ಇದರ ಬಳಕೆಗೆ ನಮ್ಮ ದೇಶದಲ್ಲಿ 2025ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಎಣ್ಣೆಯಲ್ಲಿ ಪಿಸಿಬಿ ದಶಲಕ್ಷಕ್ಕೆ 50 ಭಾಗ ದಾಟಿದರೆ ಅದು ಗುಜರಿಗೆ ಹೋಗುವಂತಿಲ್ಲ. ತಾಮ್ರದಾಸೆಗೆ ಅಂಗಳದಲ್ಲೇ ಎಣ್ಣೆ ಸುರಿದು ಬಿಚ್ಚಿದರೆ ಆ ಗುಂಟೆ ಹಾಳಾಯಿತೆಂದೇ ಲೆಕ್ಕ.

ಎರಡನೆಯದು ಸಿಮೆಂಟ್ ಶೀಟು. ಹಳೇ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒಡೆಯದೆ, ಎಸೆಯದೆ, ಸೋಪು ಬೆರೆಸಿದ ನೀರು ಸಿಂಪಡಿಸುತ್ತ, ಹುಕ್ ಬೋಲ್ಟ್ ಕತ್ತರಿಸಿ ಇಡಿಯಾಗಿ ಇಳಿಸಬೇಕು. ಶೀಟಿನ ಮೇಲೆ ಕಾಲಿಟ್ಟು ಬೀಳುವವರು ಬಹಳ. ಹಲಗೆ ಹಾಸಿ ನಡೆಯಿರಿ. ಕೆಲಸದವರಿಗೆ ಬಟ್ಟೆಯ ಮಾಸ್ಕ್ ಸಾಲದು, ಅತಿ ಸಣ್ಣ ಧೂಳನ್ನೂ ತಡೆಯುವ ಪಿ100 ಫಿಲ್ಟರಿನ ಮುಖವಾಡ ಬೇಕು. ದಪ್ಪ ಪಾಲಿಥೀನಿನಲ್ಲಿ ಎರಡು ಸುತ್ತು ಸುತ್ತಿಡಿ. ಚೂರುಗಳನ್ನು ಪಾಯಕ್ಕೆ ತುಂಬುವುದು ಬೇಡವೇ ಬೇಡ.

ಮೂರನೆಯದು ನೆಲದಡಿಯ ಟ್ಯಾಂಕ್. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗಿರುವುದು ಸಿಡಿಯುವ ಆವಿ. ಉಳಿದ ಎಣ್ಣೆ, ಕೆಸರು ಪಂಪಿನಿಂದ ತೆಗೆಸಿ, ಸಾವಿರ ಲೀಟರ್ ಅಳತೆಗೆ ಸುಮಾರು 2 ಕೆಜಿ ಡ್ರೈ ಐಸ್ ಪುಡಿ ಮಾಡಿ ಹಾಕಿ, ಆವಿ ಎತ್ತರದ ಪೈಪಿನಿಂದ ಹೊರಹೋಗಲು ಬಿಡಿ. ಡ್ರೈ ಐಸಿನ ಅನಿಲ ಗಾಳಿಗಿಂತ ಭಾರ, ಗುಂಡಿಯಲ್ಲಿ ನಿಲ್ಲುತ್ತದೆ. ಆ ಹೊತ್ತು ಯಾರೂ ಗುಂಡಿಗಿಳಿಯಬಾರದು. ಟ್ಯಾಂಕಿನ ತಳ, ನಡು, ಮೇಲು ಮೂರೂ ಕಡೆ ಸಿಡಿಯುವ ಆವಿ ಉಳಿದಿಲ್ಲವೆಂದು ಗ್ಯಾಸ್ ಮೀಟರಿನಲ್ಲಿ ಅಳೆದ ಮೇಲೆಯೇ ಎತ್ತಬೇಕು. ಗ್ಯಾಸ್ ಕಟರ್ ಹತ್ತಿರ ತರುವುದು ಬೇಡ. ಎತ್ತಿದ ಕೂಡಲೇ ಎರಡೂ ತುದಿಯ ಕೆಳಗಿನ ಮಣ್ಣಿನ ಮಾದರಿ ತೆಗೆಯಿರಿ.

ನಾಲ್ಕನೆಯದು ಬತ್ತಿದ ಬೋರ್‌ವೆಲ್. ಬಾಯಿ ತೆರೆದಿದ್ದರೆ ಮೇಲಿನ ಕೊಳೆ ನೇರ ಅಂತರ್ಜಲಕ್ಕಿಳಿಯುವ ಪೈಪು ಅದು. ತಳದ ಬಂಡೆಯ ಭಾಗಕ್ಕೆ ತೊಳೆದ ಜಲ್ಲಿ, ಮೇಲಿನ 30 ಮೀಟರಿಗೆ ಸಿಮೆಂಟ್ ಗ್ರೌಟ್. 50 ಕೆಜಿ ಚೀಲಕ್ಕೆ 27 ಲೀಟರಿಗಿಂತ ಹೆಚ್ಚು ನೀರು ಬೇಡ. ಆರೂವರೆ ಇಂಚಿನ ಬೋರಿಗೆ ಎರಡು ಮೀಟರಿಗೆ ಒಂದು ಚೀಲ, ಅಂದರೆ ಒಟ್ಟು ಹದಿನೈದು ಚೀಲ. ಪೈಪನ್ನು ಜಲ್ಲಿಯ ಮಟ್ಟದವರೆಗೆ ಬಿಟ್ಟು ಕೆಳಗಿನಿಂದ ಮೇಲಕ್ಕೆ ತುಂಬುತ್ತ ಬನ್ನಿ. ಬಾಯಿಂದ ಸುರಿದರೆ ನಡುವೆ ಸಿಕ್ಕಿಕೊಂಡು ಕೆಳಗೆ ಟೊಳ್ಳು ಉಳಿಯುತ್ತದೆ.

ಮಣ್ಣಿನ ಕೆಲಸ

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮುಗಿಸಿಕೊಳ್ಳಿ. ಮಳೆಗಾಲದಲ್ಲಿ ಅಗೆದರೆ ಕೆಸರು ಚರಂಡಿ ಹಿಡಿದು ಯಗಚಿಗೋ ಹೇಮಾವತಿಗೋ ಸೇರುತ್ತದೆ. ಯಗಚಿ ಹರಿದು ಸೇರುವುದೂ ಹೇಮಾವತಿಗೇ, ಅದೇ ನೀರು ಗೊರೂರು ಜಲಾಶಯದ್ದು.

ಡೀಸೆಲ್, ಎಂಜಿನ್ ಆಯಿಲ್ ಸೇರಿದ ಮಣ್ಣನ್ನು ಜಾಗದಲ್ಲೇ ಸೂಕ್ಷ್ಮಜೀವಿಗಳಿಂದ ಶುದ್ಧ ಮಾಡಬಹುದು. ಒಂದು ಗುಂಟೆಯಿಂದ ತೆಗೆದ 50 ಟನ್ ಮಣ್ಣು ಅರಳಿ 38 ಘನ ಮೀಟರ್ ಆಗುತ್ತದೆ. ಒಂದೂವರೆ ಮಿಲಿಮೀಟರಿನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ ಹಾಸಿ, ಸುತ್ತ ಒಡ್ಡು ಕಟ್ಟಿ, ಜಿನುಗುವ ನೀರಿಗೆ ಒಂದು ಮೂಲೆಯಲ್ಲಿ ಗುಂಡಿ ಬಿಟ್ಟು, 3 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ, 17ರಿಂದ 19 ಮೀಟರ್ ಉದ್ದದ ದಿಬ್ಬ ಮಾಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹತ್ತರಲ್ಲಿ ಒಂದು ಪಾಲು, ಗಾಳಿಯಾಡಲು ತೆಂಗಿನ ನಾರಿನ ಪುಡಿ ಅಥವಾ ಕಾಫಿ ಸಿಪ್ಪೆ. ಮದ್ದು ಕುಡಿದ ಮರದ ಹೊಟ್ಟು ಮಾತ್ರ ಬೇಡ.

ಇಂಗಾಲ, ಸಾರಜನಕ, ರಂಜಕ 100:10:1 ಇರಬೇಕು. ಮಣ್ಣಿನಲ್ಲಿ ಶೇಕಡ ಒಂದರಷ್ಟು ಎಣ್ಣೆ ಇದ್ದರೆ ಟನ್ನಿಗೆ ಯೂರಿಯಾ 1.8 ಕೆಜಿ, ಸೂಪರ್ ಫಾಸ್ಫೇಟ್ 1.2 ಕೆಜಿ, 50 ಟನ್ನಿಗೆ 45 ಕೆಜಿಯ ಯೂರಿಯಾ ಎರಡು ಚೀಲ, ಸೂಪರ್ ಫಾಸ್ಫೇಟ್ 60 ಕೆಜಿ. ಒಮ್ಮೆಗೇ ಹಾಕಿದರೆ ಅಮೋನಿಯಾ ಎದ್ದು ಜೀವಿಗಳೇ ಸಾಯುತ್ತವೆ, ನಾಲ್ಕು ಕಂತು ಮಾಡಿ. ಮಲೆನಾಡಿನ ಮಣ್ಣು ಹುಳಿ. ಪಿಎಚ್ 6ಕ್ಕಿಂತ ಕೆಳಗಿದ್ದರೆ ಮೊದಲು ಸುಣ್ಣ ಹಾಕಿ 7ರ ಹತ್ತಿರ ತನ್ನಿ. ತೇವ, ಮುಷ್ಟಿ ಹಿಡಿದರೆ ಉಂಡೆಯಾಗಬೇಕು, ನೀರು ಜಿನುಗಬಾರದು. ಹದಿನೈದು ದಿನಕ್ಕೊಮ್ಮೆ ಮಗುಚಿ, ತಾರ್ಪಾಲು ಮುಚ್ಚಿ. ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಮೊದಲೆರಡು ತಿಂಗಳು ಬೇಗ ಇಳಿದು ಆಮೇಲೆ ನಿಂತುಬಿಟ್ಟರೆ ಗೊಬ್ಬರ ಸುರಿಯುತ್ತ ಹೋಗಬೇಡಿ. ಉಳಿದಿರುವುದು ಟಾರಿನಂಥ ಭಾರದ ಭಾಗ, ಅದನ್ನು ಜೀವಿಗಳು ತಿನ್ನುವುದಿಲ್ಲ.

ಲೋಹಕ್ಕೆ ಈ ದಾರಿಯಿಲ್ಲ. ಸೀಸ, ಆರ್ಸೆನಿಕ್ ಕೊಳೆಯುವುದಿಲ್ಲ. ತೆಗೆದು ಕಳಿಸಬೇಕು, ಇಲ್ಲವೇ ಕದಲದಂತೆ ಕಟ್ಟಿಹಾಕಬೇಕು. ಇಲ್ಲೊಂದು ದೊಡ್ಡ ತಪ್ಪು ನಡೆಯುತ್ತದೆ: ಸೀಸವನ್ನು ಹಿಡಿದಿಡಲು ಫಾಸ್ಫೇಟ್ ಒಳ್ಳೆಯದು, ಆದರೆ ಅದೇ ಫಾಸ್ಫೇಟ್ ಆರ್ಸೆನಿಕ್ಕನ್ನು ಮಣ್ಣಿನಿಂದ ಬಿಡಿಸಿ ನೀರಿಗೆ ಬಿಡುತ್ತದೆ. ಆರ್ಸೆನಿಕ್‌ಗೆ ಬೇಕಾದದ್ದು ಕಬ್ಬಿಣದ ಲವಣ. ಎರಡೂ ಇರುವ ಮಣ್ಣಿಗೆ ಮೊದಲು ಪ್ರಯೋಗಾಲಯದಲ್ಲಿ ಕೆಲವು ಕೆಜಿಯ ಮೇಲೆ ಮಾಡಿನೋಡಿ, ಲೋಹ ನೀರಿಗೆ ಬಿಟ್ಟುಕೊಳ್ಳುತ್ತದೆಯೇ ಎಂದು ನೋಡುವ ಸೋರಿಕೆ ಪರೀಕ್ಷೆ ಪಾಸಾದ ಪ್ರಮಾಣವನ್ನೇ ಬಯಲಿಗೆ ತನ್ನಿ.

ಹೊರಗೆ ಕಳಿಸುವ ಅಪಾಯಕಾರಿ ಮಣ್ಣು 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಬರುತ್ತದೆ: ಮಂಡಳಿಯ ಅನುಮತಿ, ಲೋಡಿಗೊಂದು ನಮೂನೆ 10 (ಸಾಗಣೆ ಪತ್ರ), ಜಾಗದಲ್ಲಿ 90 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಅದು ಹೋಗಬೇಕಾದದ್ದು ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ವಿಲೇವಾರಿ ಘಟಕಕ್ಕೆ. ರಾತ್ರಿ ಹೊತ್ತು ಕೆರೆ ಅಂಗಳದಲ್ಲಿ ಸುರಿಯುತ್ತೇವೆಂದು ಕಡಿಮೆ ಬೆಲೆ ಹೇಳುವ ಟಿಪ್ಪರಿನವರು ಸಿಗುತ್ತಾರೆ. ಆ ಕೆರೆಯ ನೀರು ಕುಡಿಯುವ ದನ, ಜನ ನಮ್ಮವರೇ. ತೂಕದ ಚೀಟಿ, ಘಟಕದ ಸ್ವೀಕೃತಿ ಎರಡೂ ಬಂದ ಮೇಲೆಯೇ ಬಾಡಿಗೆ ಕೊಡಿ.

ಅಗೆತ ಮುಗಿಯಿತೆಂದು ಕಣ್ಣಳತೆಯಲ್ಲಿ ಹೇಳಬೇಡಿ. ಗುಂಡಿಯ ತಳಕ್ಕೆ 10 ಮೀಟರ್ ಚೌಕಕ್ಕೊಂದು, ಗೋಡೆಗೆ 10 ಮೀಟರ್ ಉದ್ದಕ್ಕೊಂದು ಮಾದರಿ ಕಳಿಸಿ, ವರದಿ ಬರುವ ತನಕ ಗುಂಡಿ ತೆರೆದಿರಲಿ. ತುಂಬುವ ಮಣ್ಣನ್ನೂ ಪರೀಕ್ಷಿಸಿ. ಪುಕ್ಕಟೆ ಸಿಗುತ್ತದೆಂದು ಊರೊಳಗಿನ ಕೆರೆಯ ಹೂಳು ತಂದರೆ ಚರಂಡಿಯ ಕೊಳೆಯನ್ನೇ ತಂದಂತೆ. ಒಳ್ಳೆ ಗ್ರಾವೆಲ್, 20ರಿಂದ 30 ಸೆಂಟಿಮೀಟರಿಗೊಂದು ಪದರ, ಪ್ರತಿ ಪದರಕ್ಕೂ ರೋಲರ್.

ಮಣ್ಣು ನೋಡಿ ನಕ್ಷೆ ಬರೆಸಿ

ಕಟ್ಟಡದ ನಕ್ಷೆ ಮೊದಲು ಬರೆಸಿ ಆಮೇಲೆ ಮಣ್ಣನ್ನು ಅದಕ್ಕೆ ಹೊಂದಿಸಲು ಹೋಗುವುದು ದುಬಾರಿ. ಸ್ವಲ್ಪ ಲೋಹ ಉಳಿದ ಮೂಲೆಯಲ್ಲಿ ಪಾರ್ಕಿಂಗ್, ಕಾಂಕ್ರೀಟ್ ಅಂಗಳ ಬರಲಿ. ಶುದ್ಧ ಮೂಲೆಯಲ್ಲಿ ಮಕ್ಕಳ ಆಟದ ಜಾಗ, ಕೈತೋಟ, ಬೋರ್‌ವೆಲ್. ತೋಟ ಬೇಕೇ ಬೇಕೆಂದಿದ್ದರೆ ಕೆಳಗೆ ಕಿತ್ತಳೆ ಬಣ್ಣದ ಜಿಯೋಟೆಕ್ಸ್‌ಟೈಲ್ (ಮಣ್ಣಿನಡಿ ಹಾಸುವ ಗಟ್ಟಿ ಬಟ್ಟೆ) ಹಾಸಿ 60 ಸೆಂಟಿಮೀಟರ್ ಶುದ್ಧ ಮಣ್ಣು ಹಾಕಿ. ಮುಂದೆ ಅಗೆಯುವವರ ಗುದ್ದಲಿಗೆ ಆ ಬಣ್ಣ ಎಚ್ಚರ ಹೇಳುತ್ತದೆ.

ಇನ್ನೊಂದು, ಮಳೆನೀರು ಇಂಗುಗುಂಡಿ. ಒಳ್ಳೆಯ ಕೆಲಸವೇ ಆದರೂ ಕಟ್ಟಿಹಾಕಿದ ಲೋಹದ ಮೇಲೆ ಅದನ್ನು ತೋಡಿದರೆ ಪ್ರತಿ ಮಳೆಗೂ ನೀವೇ ತೊಳೆದು ಅಂತರ್ಜಲಕ್ಕೆ ಬಿಟ್ಟಂತೆ. ಅಂಥ ಕಡೆ ಚಾವಣಿ ನೀರು ತೊಟ್ಟಿಯಲ್ಲಿ ಸಂಗ್ರಹವಾಗಲಿ.

ಇಳಿಜಾರಿನ ಬದಿಯಲ್ಲಿ ಒಂದು, ಮೇಲ್ಭಾಗದಲ್ಲಿ ಒಂದು ಪರೀಕ್ಷಾ ಬೋರ್ ಉಳಿಸಿಕೊಂಡು ಕನಿಷ್ಠ ಎರಡು ವರ್ಷ, ಮಳೆಗೆ ಮುಂಚೆ ಮತ್ತು ಮಳೆಯಾದ ಮೇಲೆ ನೀರು ಪರೀಕ್ಷೆ ಮಾಡಿಸಿ. ಏನು ತೆಗೆದಿರಿ, ಏನು ಎಲ್ಲಿ ಉಳಿಸಿದಿರಿ ಎಂಬ ನಕ್ಷೆ, ಎಲ್ಲ ವರದಿ, ಲೋಡಿನ ಚೀಟಿಗಳ ಒಂದು ಪ್ರತಿಯನ್ನು ಆಸ್ತಿಯ ಮೂಲ ಪತ್ರಗಳ ಜೊತೆಯಲ್ಲೇ ಇಡಿ. ಸೈಟು ಮಾರುವಾಗ ಕೊಳ್ಳುವವರಿಗೂ ಅದರ ಪ್ರತಿ ಕೊಡಿ.